ಪಾಪಯ್ಯ ಬೆಳಿಗ್ಗೆ ಆಹಿರಿ ನುಡಿಸಿದ್ದು

ಎಲ್ಲಕ್ಕೂ ಕಾರಣ ಒಂದು ಸ್ವರ. ಗಿಟಾರಿನ ಕತ್ತಿನ ಮೇಲೆ ಏಣಿಯ ಮೆಟ್ಟಿಲಿನಂತೆ ಕೂರಿಸಿದ್ದ ಹಿತ್ತಾಳೆ ಕಡ್ಡಿಗಳಲ್ಲಿ ಒಂದರ ಬದಲು ಅದರ ಹಿಂದಿನದರ ಮೇಲೆ ಪಾಪಯ್ಯನ ಕೈ ನಿಂತಿತು. ರಿಷಭ ಅರ್ಧ ಮೆಟ್ಟಿಲು ಕೆಳಗಿಳಿಯಿತು. ಅಷ್ಟಕ್ಕೇ ಅವನ ಎದೆಯೊಳಗೆ ಯಾರೋ ಕದ ತೆರೆದಂತಾಯಿತು. ಆ ಕದದಿಂದ ಒಳಗೆ ಬಂದದ್ದು ಏನೆಂದು ತಿಳಿಯುವ ಹೊತ್ತಿಗೆ ಸಂಜೆಯಾಗಿತ್ತು.

ಪಾಪಯ್ಯ ದಾಕು ಹಾಕುವವನು. ಸಿಡುಬು ಬರದಿರಲೆಂದು ಸರ್ಕಾರದವರು ಊರೂರಿಗೆ ಕಳಿಸುವ, ಚರ್ಮದ ಚೀಲದಲ್ಲಿ ಸೂಜಿ ಇಟ್ಟುಕೊಂಡು ತಿರುಗುವ ಮನುಷ್ಯ. ಆ ಚೀಲ ಬೀದಿಯ ತುದಿಯಲ್ಲಿ ಕಂಡರೆ ಸಾಕು, ಒಂದಾದ ಮೇಲೊಂದು ಕದಗಳು ಮುಚ್ಚಿಕೊಳ್ಳುತ್ತಿದ್ದವು. ಅಗುಳಿ ಬೀಳುವ ಸದ್ದು ಕೇಳಿಯೇ ಅದು ಯಾರ ಮನೆಯದೆಂದು ಹೇಳುವಷ್ಟು ಅವನಿಗೆ ಅಭ್ಯಾಸವಾಗಿತ್ತು. ಊಟಕ್ಕೆ ಹಟ ಮಾಡುವ ಮಕ್ಕಳಿಗೆ ತಾಯಂದಿರು, "ಉಣ್ತೀಯೋ, ಪಾಪಯ್ಯನ್ನ ಕರೀಲೋ?" ಅನ್ನುತ್ತಿದ್ದರು. ಹಾಗಾಗಿ ಡೆಂಕಣಿಕೋಟೆಯಲ್ಲಿ ಊಟದ ಹೊತ್ತಿಗೆ ಅತಿ ಹೆಚ್ಚು ಸಲ ಕೇಳಿಬರುತ್ತಿದ್ದ ಹೆಸರು ಅವನದೇ. ಊಟಕ್ಕೆ ಮಾತ್ರ ಅವನನ್ನು ಯಾರೂ ಕರೆದಿರಲಿಲ್ಲ.

ವಯಸ್ಸು ಮೂವತ್ತಾರು. ಅಪ್ಪ ಅಮ್ಮ ಇಲ್ಲ, ಅಣ್ಣ ತಮ್ಮ ಇಲ್ಲ. ನಾರಾಯಣಮ್ಮ ಎಂಬಾಕೆಯ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದ. ಬೆಳಿಗ್ಗೆ ಒಂದು, ಸಂಜೆ ಒಂದು ಮುದ್ದೆಯನ್ನು ಆಕೆ ಗೋಡೆಯ ಮೇಲಿಟ್ಟು ಹೋಗುತ್ತಿದ್ದಳು. ಮಾತಿರಲಿಲ್ಲ.

ಗಿಟಾರು ಅವನ ಕೈಗೆ ಬಂದದ್ದು ಯುದ್ಧ ಮುಗಿದ ವರ್ಷ. ಮತ್ತಿಗಿರಿ ಕಡೆ ಇದ್ದ ಒಬ್ಬ ಆಂಗ್ಲೋ-ಇಂಡಿಯನ್ ಸಾಹೇಬ ಹೆಂಡತಿ ಮಕ್ಕಳೊಡನೆ ಹಡಗು ಹತ್ತಲು ಹೊರಟಾಗ, ಸಾಮಾನಿನಲ್ಲಿ ಜಾಗ ಸಾಲದೆ, ಅದನ್ನು ಎದುರಿಗೆ ಸಿಕ್ಕವನಿಗೆ ಕೊಟ್ಟುಬಿಟ್ಟ. ಎದುರಿಗೆ ಸಿಕ್ಕವನು ಪಾಪಯ್ಯ. ಉಳಿದವರೆಲ್ಲ ದಾಕಿಗೆ ಹೆದರಿ ಒಳಗೆ ಹೋಗಿದ್ದರು.

ಆರು ತಂತಿ ಇರಬೇಕಾದ ಕಡೆ ನಾಲ್ಕಿದ್ದವು. ಕಡ್ಡಿಗಳ ನಡುವೆ ಬೆರಳೊತ್ತಿದರೆ ಸ್ವರಗಳು ಪೊಲೀಸರ ಹಾಗೆ ನೆಟ್ಟಗೆ ನಿಂತುಬಿಡುತ್ತಿದ್ದವು, ಬಾಗುವುದಿಲ್ಲ, ಬಳುಕುವುದಿಲ್ಲ. ಒಂದು ದಿನ ಪಾಪಯ್ಯ ಔಷಧದ ಖಾಲಿ ಗಾಜಿನ ಸೀಸೆಯೊಂದನ್ನು ತಂತಿಯ ಮೇಲೆ ಒತ್ತಿ ಜಾರಿಸಿ ನೋಡಿದ. ಸ್ವರ ಅಳುವ ಮಗುವಿನ ಹಾಗೆ ಎಳೆದುಕೊಂಡು ಹೋಯಿತು. ಅಂದಿನಿಂದ ಅವನಿಗೆ ಸಂಜೆಗಳು ಅಷ್ಟು ಉದ್ದವೆನಿಸಲಿಲ್ಲ.

ಗೋಡೆಯಾಚೆ ಚಿಕ್ಕಮುನಿಯಪ್ಪನಿದ್ದ. ನಲವತ್ತು ವರ್ಷ ಓಲಗ ಊದಿ, ಹಲ್ಲೆಲ್ಲ ಉದುರಿದ ಮೇಲೆ ಊದಲಾರದೆ, ಬೇರೆಯವರ ತಪ್ಪು ಹುಡುಕುವುದೊಂದೇ ಸಂಗೀತವಾಗಿ ಉಳಿದಿದ್ದ ಮುದುಕ. "ಅದು ಗಾಂಧಾರ ಅಲ್ಲ ಕಣ್ಲಾ, ಮೇಲಕ್ಕೆ ಹತ್ಸು! ಇನ್ನೂ ಮೇಲಕ್ಕೆ! ಬಿತ್ತು, ಬಾವಿಗೆ ಬಿತ್ತು!" ಎಂದು ಗೋಡೆಯಾಚೆಯಿಂದಲೇ ಕೂಗುತ್ತಿದ್ದ. ಪಾಪಯ್ಯ ರಾಗಗಳನ್ನು ಕಲಿತದ್ದು ಹೀಗೆ, ಬೈಸಿಕೊಂಡು.

ಇಷ್ಟಿದ್ದ ಬದುಕಿಗೆ ಆದಿಲಕ್ಷ್ಮಿ ಬಂದದ್ದು ಕಾರ್ತಿಕದಲ್ಲಿ. ಊರಿಂದ ಎರಡು ಮೈಲಿ ಆಚೆ ನಂಜಪ್ಪನ ಹೊಲದ ಮನೆಗೆ ಪಾಪಯ್ಯ ದಾಕು ಹಾಕಲು ಹೋದ. ಮನೆಮಂದಿಯೆಲ್ಲ ಹುಲ್ಲುಮೆದೆಯ ಹಿಂದೆ ಅಡಗಿದರು. ನಂಜಪ್ಪನ ತಂಗಿ ಆದಿಲಕ್ಷ್ಮಿಯೊಬ್ಬಳು ಮಾತ್ರ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟು, ತೋಳು ಚಾಚಿ ಕೂತಳು. ಇಪ್ಪತ್ತೇಳು ವರ್ಷದವಳು. ಸೂಜಿ ತಾಗಿದರೂ ಮುಖ ತಿರುಗಿಸಲಿಲ್ಲ. ಆಮೇಲೆ ಕೇಳಿದಳು: "ಎಲ್ಲಾರ್ಗೂ ನೀವ್ ಹಾಕ್ತೀರ. ನಿಮ್ಗೆ ಯಾರು ಹಾಕ್ತಾರೆ?"

ಹದಿನೈದು ವರ್ಷದ ಕೆಲಸದಲ್ಲಿ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಪಾಪಯ್ಯ ಚೀಲ ಬಿಟ್ಟು ಹೊರಟ. ಅರ್ಧ ದಾರಿಯಿಂದ ವಾಪಸು ಬಂದು ತಕ್ಕೊಂಡು ಹೋದ.

ಸಂಕ್ರಾಂತಿ ಕಳೆದ ವಾರ ನಂಜಪ್ಪನೇ ಸಂತೆಯಲ್ಲಿ ಎದುರಾದ. "ಪಾಪಯ್ಯನೋರೇ, ನಿಮ್ಗೆ ಹಿಂದೆ ಮುಂದೆ ಯಾರೂ ಇಲ್ವಂತೆ, ನಿಜವಾ?" ಎಂದು ಕೇಳಿದ. ಪಾಪಯ್ಯನಿಗೆ ಬೆತ್ತಲೆ ನಿಂತಷ್ಟು ನಾಚಿಕೆಯಾಯಿತು. ತಲೆ ತಗ್ಗಿಸಿದ. ನಂಜಪ್ಪ ಅದನ್ನೇ ಉತ್ತರವೆಂದು ತಿಳಿದು, "ಬರೋ ಶುಕ್ರವಾರ ಮನೆ ಕಡೆ ಬನ್ನಿ. ಊಟ ಅಲ್ಲೇ. ಅದೇನೋ ತಂತಿ ನುಡಿಸ್ತೀರಂತಲ್ಲ, ಅದನ್ನೂ ತನ್ನಿ. ನಮ್ ಆದಿಲಕ್ಷ್ಮಿ ಕೇಳ್ಬೇಕು ಅಂದ್ಳು" ಅಂದ.

ಊಟಕ್ಕೆ ಕರೆದದ್ದು. ಅದೂ ಅವಳ ಮನೆಗೆ.

ಏನು ನುಡಿಸುವುದು? ಬಾಯಲ್ಲಿ ಹೇಳಲಾರದ್ದನ್ನು ತಂತಿ ಹೇಳಬೇಕು. ಮೊದಲು ಮೋಹನ ರಾಗ ಹಿಡಿದ. ಐದೇ ಸ್ವರ, ಎಲ್ಲಿ ಕೈಯಿಟ್ಟರೂ ಸಿಹಿ. ಆದರೆ ಯಾರದೋ ಮದುವೆಯಲ್ಲಿ ತಾನು ನಗುನಗುತ್ತ ಪಾನಕ ಹಂಚುತ್ತಿರುವ ಹಾಗೆ ಅನಿಸಿ ಬಿಟ್ಟುಬಿಟ್ಟ. ಕಲ್ಯಾಣಿ ಹಿಡಿದ. ಅದು ದೊಡ್ಡ ತೊಟ್ಟಿಮನೆಯವರ ರಾಗ. ಬಾಡಿಗೆ ಕೋಣೆಯಲ್ಲಿ ಅದಕ್ಕೆ ಕಾಲು ಚಾಚಲು ಜಾಗವಿರಲಿಲ್ಲ. ಶೋಕದ ರಾಗ ಮುಖಾರಿಯನ್ನು ಎರಡು ಗೆರೆ ನುಡಿಸುವಷ್ಟರಲ್ಲಿ, ಬೀದಿ ಬೀದಿಗೆ ಮೊಸರಿನ ಜೊತೆ ಸುದ್ದಿಯನ್ನೂ ಅಳೆದು ಕೊಡುವ ಪಿಳ್ಳಮ್ಮ ಇಣುಕಿ, "ಯಾರು ಹೋದ್ರು?" ಎಂದು ಕೇಳಿದಳು. ಅದನ್ನೂ ಬಿಟ್ಟ.

ಶುಕ್ರವಾರ ಬಂದೇಬಿಟ್ಟಿತು. ಹೊತ್ತು ಮೂಡುವ ಮೊದಲೇ ಎದ್ದು, ಕಂಬಳಿ ಹೊದ್ದು, ದಿಕ್ಕು ತೋಚದೆ ತಂತಿಯ ಮೇಲೆ ಸೀಸೆ ಆಡಿಸುತ್ತ ಕೂತ. ಆಗಲೇ ಆ ರಿಷಭ ಕೆಳಗಿಳಿದದ್ದು. ಅಲ್ಲಿಂದ ಗಾಂಧಾರಕ್ಕೆ ಹತ್ತಿ, ಮಧ್ಯಮದಲ್ಲಿ ಸ್ವಲ್ಪ ತಡೆದು, ಮತ್ತೆ ಷಡ್ಜಕ್ಕೆ ಒಂಟಿಯಾಗಿ ಇಳಿದು ಬಂದ. ಯಾರೋ ಬಂದರೆಂದು ಬಾಗಿಲವರೆಗೆ ಹೋಗಿ, ಯಾರೂ ಇಲ್ಲವೆಂದು ಕಂಡು, ಬಂದು ಮತ್ತೆ ಚಾಪೆಯ ಮೇಲೆ ಕೂತ ಹಾಗಿತ್ತು. ಇದೇ, ಅಂದುಕೊಂಡ. ಇದೇ ನನ್ನ ಮಾತು. ಕಣ್ಣು ಮುಚ್ಚಿ ಇನ್ನೊಂದು ಸಲ ಬಾಗಿಲವರೆಗೆ ಹೋಗಿ ಬಂದ.

"ಅಯ್ಯಯ್ಯಯ್ಯೋ!" ಎಂದು ಗೋಡೆಯಾಚೆಯಿಂದ ಕೂಗು ಎದ್ದಿತು.

ಚಿಕ್ಕಮುನಿಯಪ್ಪ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡು ಗೋಡೆಯ ಮೇಲೆ ಕಾಣಿಸಿಕೊಂಡ. "ಆಹಿರಿ! ಲೋ ಪಾಪಯ್ಯ, ಹೊತ್ತು ಹುಟ್ಟೋಕ್ ಮುಂಚೆ ಆಹಿರಿ ರಾಗ ನುಡ್ಸ್‌ಬುಟ್ಟೆಯಲ್ಲೋ!"

"ಏನಾಯ್ತಣ್ಣ?"

"ಏನಾಯ್ತಾ? ಬೆಳಿಗ್ಗೆ ಆಹಿರಿ ನುಡ್ಸಿದೋನಿಗೆ ಆವತ್ತು ಅನ್ನ ಹುಟ್ಟಲ್ಲ ಕಣ್ಲಾ! ನಮ್ಮಪ್ಪ ಹೇಳೋನು, ಅವ್ರಪ್ಪ ಹೇಳೋನು. ಓಲಗದೋರು ಯಾರೂ ಬೆಳಿಗ್ಗೆ ಅದರ ತಂಟೆಗೆ ಹೋಗಲ್ಲ."

"ನಂಗೊತ್ತಿರ್ಲಿಲ್ಲ. ಕೈಗೆ ತಾನಾಗೇ ಬಂತು."

"ಬತ್ತದೆ. ಹಾವೂ ತಾನಾಗೇ ಬತ್ತದೆ."

"ಇವತ್ತು ನಂಗೆ ಊಟಕ್ಕೆ ಕರೆದವ್ರೆ ಅಣ್ಣ" ಎಂದು ಪಾಪಯ್ಯ ಸಣ್ಣ ದನಿಯಲ್ಲಿ ಅಂದ.

ಮುದುಕನ ಮುಖದಲ್ಲಿ ಮರುಕ ಮೂಡಬೇಕಿತ್ತು. ಮೂಡಿದ್ದು ಕುತೂಹಲ. "ಎಲ್ಲಿ? ಯಾರು? ಎಷ್ಟೊತ್ಗೆ?"

ಅಷ್ಟರಲ್ಲಿ ಪಿಳ್ಳಮ್ಮ ಮೊಸರಿನ ಗಡಿಗೆ ಹೊತ್ತು ಆ ದಾರಿಯಾಗಿ ಬಂದಳು. ಬಿಸಿಲು ಗೋಡೆಗೆ ಬರುವಷ್ಟರಲ್ಲಿ ಇಡೀ ಬೀದಿಗೆ ಗೊತ್ತಾಗಿತ್ತು. ಅವರೆಲ್ಲ ಎರಡು ಪಕ್ಷವಾದರು. ಪಾಪಯ್ಯ ಇವತ್ತು ಉಣ್ಣುತ್ತಾನೆ ಅನ್ನುವವರು, ಉಣ್ಣುವುದಿಲ್ಲ ಅನ್ನುವವರು. ಅವನನ್ನು ಕಂಡು ಕದ ಹಾಕಿಕೊಳ್ಳುತ್ತಿದ್ದವರು ಕದ ತೆರೆದು, "ಪಾಪಯ್ಯ, ಉಂಡ್ಯಾ?" ಎಂದು ಕೇಳತೊಡಗಿದರು. ಒಬ್ಬರಾದ ಮೇಲೊಬ್ಬರು. ಅವನು "ಇನ್ನೂ ಇಲ್ಲ" ಅಂದಾಗಲೆಲ್ಲ ಒಂದು ಪಕ್ಷ ಇನ್ನೊಂದು ಪಕ್ಷವನ್ನು ನೋಡಿ ನಗುತ್ತಿತ್ತು. ಆದರೂ ಅಷ್ಟು ಜನ ಆ ಮಾತು ಕೇಳಿದ್ದು ಪಾಪಯ್ಯನಿಗೆ ಒಳಗೊಳಗೇ ಹಿತವಾಗಿತ್ತು.

ನಾರಾಯಣಮ್ಮ ಉಣ್ಣುತ್ತಾನೆ ಅನ್ನುವ ಪಕ್ಷ. "ರಾಗ ಅಂತೆ, ಅನ್ನ ಅಂತೆ! ನಾನ್ ಮುದ್ದೆ ತಿರುವೋ ಮನೇಲಿ ಯಾವನಿಗೆ ಅನ್ನ ಹುಟ್ಟಲ್ಲ ನೋಡೇಬುಡಾನ" ಎಂದು ಬಿಸಿ ಮುದ್ದೆ, ಅವರೆಕಾಳಿನ ಸಾರು ತಟ್ಟೆಗೆ ಹಾಕಿ ತಂದು ಹಿತ್ತಿಲ ಗೋಡೆಯ ಮೇಲಿಟ್ಟಳು. "ಎಲ್ರೆದುರ್ಗೂ ತಿನ್ನಪ್ಪ!"

ನೋಡಲು ಜನ ಗೋಡೆಗೆ ಮುತ್ತಿದರು. ಆಚೆಯಿಂದ ಹನ್ನೆರಡು ಜನ ಎದೆಯೊತ್ತಿ ಇಣುಕಿದರು. ಅದು ಅಜ್ಜನ ಕಾಲದ ಮಣ್ಣಿನ ಗೋಡೆ. ಪಾಪಯ್ಯ ಕೈ ತೊಳೆದು, ಮುದ್ದೆಗೆ ಬೆರಳು ತಾಗಿಸಿದ. ಗೋಡೆ, ಉಸಿರು ಬಿಟ್ಟ ಎಮ್ಮೆಯ ಹಾಗೆ ಒಂದು ಸದ್ದು ಮಾಡಿ ಕೂತುಬಿಟ್ಟಿತು. ಧೂಳು ಇಳಿದ ಮೇಲೆ ನೋಡಿದರೆ ಗೋಡೆಯ ಕೆಳಗೆ ತಟ್ಟೆ, ತಟ್ಟೆಯ ಕೆಳಗೆ ಮುದ್ದೆ.

ನಾರಾಯಣಮ್ಮ ಗೋಡೆಯನ್ನು ನೋಡಿದಳು, ಆಮೇಲೆ ಗಿಟಾರನ್ನು. "ಇನ್ನೊಂದ್ ಸಲ ಅದನ್ನ ನುಡ್ಸಿದ್ರೆ ಮನೆನೂ ಬೀಳ್ತದೆ" ಎಂದು ಒಳಗೆ ಹೋದಳು. ಉಣ್ಣುವುದಿಲ್ಲ ಅನ್ನುವ ಪಕ್ಷಕ್ಕೆ ಒಬ್ಬರು ಸೇರಿದರು.

ಪಾಪಯ್ಯ ಬಸ್ಸು ನಿಲ್ಲುವ ಕಡೆಯಿದ್ದ ವೆಂಕಟಸ್ವಾಮಿಯ ಹೋಟೆಲಿಗೆ ಹೋದ. ವೆಂಕಟಸ್ವಾಮಿ ಮನೆಯಲ್ಲಿ ತೆಲುಗು, ಕಚೇರಿಯವರ ಹತ್ತಿರ ತಮಿಳು, ಬೈಯುವಾಗ ಮಾತ್ರ ಅಚ್ಚ ಕನ್ನಡ ಆಡುವ ಮನುಷ್ಯ. "ರಾ ನಾಯನಾ, ಕೂತ್ಕೋ. ನನ್ ಇಡ್ಲಿ ಮುಂದೆ ಯಾವ ರಾಗ ನಿಲ್ತದೆ!" ಎಂದು ತಾನೇ ಎಲೆ ಹಾಕಿದ. ಪಡಿ ಅಕ್ಕಿಯ ಕಾಲ. ಆ ಇಡ್ಲಿಗೆ ಅಕ್ಕಿಗಿಂತ ಜೋಳವೇ ಹೆಚ್ಚು ಸೇರಿರುತ್ತಿತ್ತು, ಆದರೂ ಹಬೆಯಾಡುತ್ತಿತ್ತು. ಹತ್ತಿರ ಕೂತವರು ತಿನ್ನುವುದನ್ನು ಬಿಟ್ಟು ಪಾಪಯ್ಯನ ಕೈಯನ್ನೇ ನೋಡಿದರು.

ಕೈ ಬಾಯಿಯ ಹತ್ತಿರ ಹೋಗಿತ್ತು. ಆಗ ಬಸ್ಸಿಳಿದ ಹೆಂಗಸೊಬ್ಬಳು ಮೂರು ವರ್ಷದ ಮಗಳನ್ನು ಎತ್ತಿಕೊಂಡು ಒಳಗೆ ಬಂದಳು. ಮಗು ಪಾಪಯ್ಯನನ್ನು ಕಂಡಿತು. ಕಂಡದ್ದೇ, ತೋಳಿಗೆ ಬೆಂಕಿ ತಾಗಿದಂತೆ ಚೀರಿತು. "ದಾಕಪ್ಪಾ! ದಾಕಪ್ಪ ಬಂದಾ!"

ಹಿಂದೆ ಕೂತಿದ್ದವರಿಗೆ ಕೇಳಿಸಿದ್ದು ಅಷ್ಟೇ. ಇವತ್ತು ಹೋಟೆಲಿನಲ್ಲೇ ಹಿಡಿದು ಚುಚ್ಚುತ್ತಾರೆ ಎಂದುಕೊಂಡರು. ಬೆಂಚು ಮಗುಚಿತು. ಜನ ಕೈಯನ್ನೂ ತೊಳೆಯದೆ, ಚಪ್ಪಲಿಯನ್ನೂ ನೋಡದೆ ಹೊರಗೆ ಹಾರಿದರು. ಆನೆ ನುಗ್ಗಿದ್ದರೂ ಹೋಟೆಲು ಅಷ್ಟು ಬೇಗ ಖಾಲಿಯಾಗುತ್ತಿರಲಿಲ್ಲ. ಪಾಪಯ್ಯನ ಕೈಯ ತುತ್ತೂ ಎಲೆಯೂ ನೆಲಕ್ಕೆ ಬಿದ್ದು, ಅವುಗಳ ಮೇಲೆ ಯಾರದೋ ಕಾಲು ಹಾದುಹೋಗಿತ್ತು.

ವೆಂಕಟಸ್ವಾಮಿ ಖಾಲಿ ಹೋಟೆಲನ್ನು ನೋಡಿ, ಅಚ್ಚ ಕನ್ನಡಕ್ಕೆ ಬಂದ. "ಎದ್ದೋಗೋ ಮಾರಾಯ! ನಿನ್ ರಾಗ ನಿನ್ ಹೊಟ್ಟೆ ಹೊಡೀಲಿ, ನನ್ ಹೊಟ್ಟೆ ಯಾಕೋ ಹೊಡೀಬೇಕು?"

ಇನ್ನು ಉಳಿದದ್ದು ನಂಜಪ್ಪನ ಮನೆಯ ಊಟ. ಅದೇ ನಿಜವಾದ ಊಟ. ಉಳಿದವು ಹೋದರೆ ಹೋಗಲಿ, ಎಂದು ಪಾಪಯ್ಯ ಧೈರ್ಯ ತಂದುಕೊಂಡ. ಒಗೆದ ಅಂಗಿ ತೊಟ್ಟ. ಯಾರಿಗೂ ಕಾಣದಂತೆ ಕೆರೆಯ ಹಿಂದಿನಿಂದ ಹೋಗೋಣವೆಂದು ಹೊರಟ. ಬೆನ್ನ ಮೇಲೆ ಗಿಟಾರಿಟ್ಟುಕೊಂಡವನು ಕಾಣದಂತೆ ಹೋಗುವುದು, ಒಂಟೆ ಕಾಣದಂತೆ ಹೋದ ಹಾಗೆ.

ಕೆರೆಯ ಏರಿಯ ಮೇಲೆ ತಿರುಗಿ ನೋಡಿದ. ಹಿಂದೆ ಪಿಳ್ಳಮ್ಮ.

"ನೀನೆಲ್ಲಿಗೆ ಪಿಳ್ಳಕ್ಕ?"

"ಇಲ್ಲೇ ಕಣಪ್ಪ, ಹುಲ್ಲು ನೋಡೋಕೆ."

ಪಿಳ್ಳಮ್ಮನ ಹಿಂದೆ ಅಂಜಮ್ಮ ಎಂಬ ಸೊಪ್ಪಿನವಳು. ಅವಳಿಗೆ ಆ ಕಡೆ ಒಂದು ಹುಣಸೆಮರ ನೋಡಬೇಕಿತ್ತಂತೆ. ಅವಳ ಹಿಂದೆ ಕೋಲೂರಿಕೊಂಡು ಚಿಕ್ಕಮುನಿಯಪ್ಪ. ಅವನು ಏನನ್ನೂ ನೋಡಬೇಕಿರಲಿಲ್ಲ, ಸತ್ಯಕ್ಕೆ ಸಾಕ್ಷಿ ಬೇಕು ಅಂದ. ಅವನ ಹಿಂದೆ ಎರಡು ಪಕ್ಷದವರೂ. ಪಾಪಯ್ಯ ಎಣಿಸಿದ. ಹತ್ತೊಂಬತ್ತು.

"ದಯವಿಟ್ಟು ವಾಪಸ್ ಹೋಗಿ. ಹೆಣ್ಣಿನ ಮನೆ ಅದು."

"ಹೆಣ್ಣಿನ ಮನೆನಾ!" ಎಂದು ಪಿಳ್ಳಮ್ಮ ಸೆರಗು ಸರಿಮಾಡಿಕೊಂಡಳು. "ಮೊದ್ಲೇ ಹೇಳೋದಲ್ವಾ? ಒಬ್ಬನೇ ಹೋಗ್ತಾರಾ ಯಾರಾದ್ರೂ? ಜೊತೆಗೆ ಯಾರೂ ಇಲ್ದೆ ಹೋದ್ರೆ ಏನಂದ್ಕೊಂಡಾರು?"

ಅದೂ ನಿಜವೇನೋ ಅನಿಸಿತು ಪಾಪಯ್ಯನಿಗೆ. ಸಂತೆಯಲ್ಲಿ ನಂಜಪ್ಪ ಕೇಳಿದ ಪ್ರಶ್ನೆ ಇನ್ನೂ ಮೈಯನ್ನು ಸುಡುತ್ತಿತ್ತು. ದಾರಿಯುದ್ದಕ್ಕೂ ಬುದ್ಧಿಮಾತು. ಆನಂದಭೈರವಿ ನುಡಿಸು, ಅದು ಮದುವೆ ರಾಗ, ಅಂದ ಚಿಕ್ಕಮುನಿಯಪ್ಪ. "ಆಹಿರಿ ಕಡೆ ಮಾತ್ರ ಕೈ ತಿರುಗಿಸ್ಬ್ಯಾಡ. ಹೆಣ್ಣು ಹೆದ್ರಿಕೊಂಡ್ ಬುಡ್ತಾಳೆ." ಪಾಪಯ್ಯ ಆಗಲಿ ಅಂದ.

ನಂಜಪ್ಪ ಅಂಗಳದಲ್ಲಿ ನಿಂತು ದಾರಿ ಕಾಯುತ್ತಿದ್ದ. ಒಬ್ಬನನ್ನು ನಿರೀಕ್ಷಿಸಿದ್ದವನಿಗೆ ಇಪ್ಪತ್ತು ಜನ ಕಂಡರು. ಅವನ ಹೆಂಡತಿ ರಾಮಲಕ್ಷ್ಮಮ್ಮ ಬಾಗಿಲಲ್ಲಿ ಕಾಣಿಸಿಕೊಂಡು, ಬಾಯಿಗೆ ಸೆರಗು ಹಿಡಿದು, ಸರ್ರನೆ ಒಳಗೆ ಹೋದಳು.

"ಪಾಪಯ್ಯನೋರೇ..." ನಂಜಪ್ಪ ತಡವರಿಸಿದ. "ಇವರೆಲ್ಲ... ನಿಮ್ಮೋರಾ?"

ಒಂದೇ ಮಾತು. ಅಲ್ಲ ಅಂದಿದ್ದರೆ ಸಾಕಿತ್ತು. ಆದರೆ ಆ ಪ್ರಶ್ನೆಯನ್ನು ಯಾರೂ ಅವನನ್ನು ಯಾವತ್ತೂ ಕೇಳಿರಲಿಲ್ಲ. ಪಾಪಯ್ಯ ಹಿಂದೆ ತಿರುಗಿ ಹತ್ತೊಂಬತ್ತು ಮುಖಗಳನ್ನು ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಹೂಂ" ಅಂದ. ಹೇಳುವಾಗ ಎದೆ ಒಂದಂಗುಲ ಅಗಲವಾಯಿತು.

ಬಾಗಿಲಿಗೆ ಊಟದ ಹೊತ್ತಿಗೆ ಬಂದವರನ್ನು ಹಾಗೆಯೇ ಕಳಿಸುವ ಮನೆ ಅದಲ್ಲ. ಅಂಗಳದಲ್ಲಿ ಚಾಪೆ ಹಾಸಿದರು, ಮುತ್ತುಗದ ಎಲೆ ಹಾಕಿದರು. ಒಬ್ಬ ಗಂಡಿಗೆಂದು ಜೋಪಾನ ಮಾಡಿಟ್ಟ ಪಡಿ ಅಕ್ಕಿಯ ಅನ್ನ, ಹಿದುಕಿದ ಬೇಳೆಯ ಸಾರು, ಬೆಲ್ಲದ ಒಬ್ಬಟ್ಟು ಹೊರಗೆ ಬಂತು. ಒಬ್ಬಟ್ಟನ್ನು ಕಂಡು ಎರಡು ವರ್ಷವಾಗಿದ್ದ ಜನ ಎಲೆಗೆ ಇನ್ನಷ್ಟು ಹತ್ತಿರ ಜರುಗಿದರು.

"ಮೊದ್ಲು ಗಂಡಿನ ಕಡೆ ಹಿರೀಕ್ರು ಉಣ್ಲಿ. ನೀವು ಮನೆಯೋರಾಗೋರು, ನನ್ ಜೊತೆ ಎರಡನೇ ಪಂಕ್ತಿಗೆ ಕೂತ್ಕೊಳ್ಳಿ" ಅಂದ ನಂಜಪ್ಪ. "ಅಲ್ಲೀಗಂಟ ಅದೇನೋ ನುಡ್ಸಿ, ಕೇಳಾನ."

ಮನೆಯವನಾಗುವವನು! ಪಾಪಯ್ಯನಿಗೆ ಹಸಿವು ಮರೆತುಹೋಯಿತು. ಜಗುಲಿಯ ಕಂಬಕ್ಕೊರಗಿ ಕೂತ. ಒಳಬಾಗಿಲ ಸಂದಿಯಲ್ಲಿ ಹಸಿರು ಸೀರೆಯ ಅಂಚು ಕಾಣುತ್ತಿತ್ತು. ಬಳೆ ಹಾಕಿದ ಕೈಯೊಂದು ಕದವನ್ನು ಹಿಡಿದಿತ್ತು.

ಆನಂದಭೈರವಿಗೆಂದೇ ಶ್ರುತಿ ಮಾಡಿದ. ನಾಲ್ಕು ಸ್ವರ ನುಡಿಸಿದ. ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದೇ ತಪ್ಪೆನಿಸಿತು. ಪಂಕ್ತಿಯಲ್ಲಿ ಪಿಳ್ಳಮ್ಮ "ಇನ್ನೊಂದ್ ಒಬ್ಬಟ್ಟು ಹಾಕವ್ವ" ಅನ್ನುತ್ತಿದ್ದಳು. ಎಲ್ಲೋ ಎಮ್ಮೆ ಕೂಗುತ್ತಿತ್ತು. ನಿಮಗೆ ಯಾರು ಹಾಕ್ತಾರೆ ಎಂದು ಕೇಳಿದವಳಿಗೆ ಇದು ಉತ್ತರವಲ್ಲ. ಗಾಜಿನ ಸೀಸೆ ತಂತಿಯ ಮೇಲೆ ತಾನಾಗಿ ಹಿಂದಕ್ಕೆ ಜಾರಿತು. ರಿಷಭ ಅರ್ಧ ಮೆಟ್ಟಿಲು ಇಳಿಯಿತು.

ಆಮೇಲೆ ಪಾಪಯ್ಯ ಅಲ್ಲಿರಲಿಲ್ಲ. ಮುಚ್ಚಿದ ಕದಗಳ ಬೀದಿಯಲ್ಲಿ ನಡೆಯುತ್ತಿದ್ದ. ಒಂದೊಂದು ಮನೆಯ ಮುಂದೆಯೂ ಗಾಂಧಾರಕ್ಕೆ ಹತ್ತಿ ಕರೆದ. ಯಾರೂ ಓ ಅನ್ನದೆ ಷಡ್ಜಕ್ಕೆ ಹಿಂದಿರುಗಿದ. ಹದಿನೈದು ವರ್ಷದ ಸಂಜೆಗಳು ಆ ನಾಲ್ಕು ತಂತಿಯಲ್ಲಿ ಹಿಡಿಸಿದವು. ಕೊನೆಯ ಸ್ವರವನ್ನು ಸೀಸೆಯಿಂದ ನಡುಗಿಸಿ, ನಡುಗಿಸಿ, ಬಿಟ್ಟ. ಒಳಬಾಗಿಲ ಕೈ ಅಲುಗಾಡಿರಲಿಲ್ಲ. ಬಳೆಗಳೂ ಸುಮ್ಮನಿದ್ದವು.

ಪಂಕ್ತಿ ಮಾತ್ರ ಸುಮ್ಮನಿರಲಿಲ್ಲ. ಅಂಜಮ್ಮ ಬೆರಳು ನೆಕ್ಕುತ್ತಿದ್ದಳು. ಚಿಕ್ಕಮುನಿಯಪ್ಪ ಹಲ್ಲಿಲ್ಲದ ಬಾಯಲ್ಲಿ ಮೂರನೇ ಒಬ್ಬಟ್ಟು ಕರಗಿಸುತ್ತಿದ್ದ. ಎಲ್ಲರೂ ಏಳುವ ಹೊತ್ತಿಗೆ ರಾಮಲಕ್ಷ್ಮಮ್ಮ ಬಂದು ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಕೈಯಲ್ಲಿದ್ದ ಅನ್ನದ ಪಾತ್ರೆಯನ್ನು ವಾಲಿಸಿ ತೋರಿಸಿದಳು. ತಳ ಫಳಫಳ ಹೊಳೆಯಿತು.

"ನೋಡಿದ್ರಾ!" ಚಿಕ್ಕಮುನಿಯಪ್ಪ ಕೋಲು ಎತ್ತಿ ಕುಣಿದ. "ಅನ್ನ ಹುಟ್ಲಿಲ್ಲ! ಹೆಂಗೆ ಹುಟ್ತದೆ? ಆಹಿರಿ!" ಅವನ ಪಕ್ಷದವರು ಕೇಕೆ ಹಾಕಿದರು.

ನಂಜಪ್ಪನ ಮುಖ ಮಾತ್ರ ಗಂಟಿಕ್ಕಿತ್ತು. ಒಳಗೆ ಹೋಗಿ ಬಂದ. ಜಗುಲಿಯಲ್ಲಿ ಪಾಪಯ್ಯನ ಪಕ್ಕ ಕೂತು, ಟವೆಲು ಮಡಿಸತೊಡಗಿದ.

"ತಪ್ಪು ತಿಳ್ಕೋಬ್ಯಾಡಿ ಪಾಪಯ್ಯನೋರೇ. ನಮ್ ಹುಡುಗಿ ಹನ್ನೆರಡು ವರ್ಷದಿಂದ ಈ ಮನೇಲಿ ಹದಿನಾಲ್ಕು ಜನಕ್ಕೆ ಬೇಯಿಸ್ತಾವ್ಳೆ. ಬಂದ ಸಂಬಂಧ ಎಲ್ಲಾ ತುಂಬಿದ ಮನೆದೇ. ಎಲ್ಲಾದ್ಕೂ ಬ್ಯಾಡ ಅಂದ್ಳು. ಯಾರೂ ಇಲ್ದಿರೋ ಗಂಡು ಸಿಕ್ರೆ ಕೊಡು, ಇಲ್ದಿದ್ರೆ ಬಿಡು ಅಂದ್ಳು. ನಿಮ್ಗೆ ಯಾರೂ ಇಲ್ಲ ಅಂತ ಕೇಳೇ ನಾನು ಕರೆದಿದ್ದು."

ಪಾಪಯ್ಯ "ಇಲ್ಲ!" ಎಂದು ಎದ್ದು ನಿಂತ. "ನಂಜಪ್ಪಣ್ಣ, ಯಾರೂ ಇಲ್ಲ ನಂಗೆ! ದೇವ್ರಾಣೆ ಯಾರೂ ಇಲ್ಲ! ಇವರ್ಯಾರೂ ನನ್ನೋರಲ್ಲ!"

ಕೈ ತೊಳೆಯುತ್ತ ನಿಂತಿದ್ದ ಪಿಳ್ಳಮ್ಮನಿಗೆ ಅದು ಕೇಳಿಸಿತು. ಹೊಟ್ಟೆ ತುಂಬಿದ ಮನುಷ್ಯರಿಗೆ ಬರುವ ಪ್ರೀತಿಯೆಲ್ಲ ಅವಳಿಗೆ ಒಮ್ಮೆಲೇ ಬಂದಿತ್ತು. ಹೆಣ್ಣಿನ ಕಡೆಯವರು ದಿಕ್ಕಿಲ್ಲದವನೆಂದು ಅವನನ್ನು ಹೀಗಳೆಯುತ್ತಿದ್ದಾರೆ ಎಂದುಕೊಂಡಳು.

"ಯಾರೂ ಇಲ್ಲ ಅಂದೋರ್ಯಾರು?" ಎಂದು ನುಗ್ಗಿ ಬಂದಳು. "ನಾನಿಲ್ವಾ? ನಾನು ಇವನಿಗೆ ಸೋದರತ್ತೆ ಇದ್ದಂಗೆ!"

"ನಾನ್ ದೊಡ್ಡಪ್ಪ!" ಅಂದ ಚಿಕ್ಕಮುನಿಯಪ್ಪ. "ಸಾ ರೀ ಗಾ ಕಲಿಸಿದೋನು ನಾನು!"

"ಚಿಕ್ಕಮ್ಮ ಅನ್ಕೊಳ್ಳಿ ನನ್ನ" ಅಂದಳು ಅಂಜಮ್ಮ. "ಮದ್ವೆ ಆದ್ಮೇಲೆ ನಾವೆಲ್ಲಾ ದಿನಾ ಬಂದು ಹೋಗೋರೇ! ಹುಡುಗಿಗೆ ಬ್ಯಾಸರ ಅನ್ನೋದೇ ಇಲ್ಲ!"

"ಸುಮ್ನಿರ್ರೋ!" ಎಂದು ಪಾಪಯ್ಯ ಅಳುದನಿಯಲ್ಲಿ ಕೂಗಿದ. ಅವನು ಕೂಗಿದಷ್ಟೂ ನೆಂಟರು ಹೆಚ್ಚುತ್ತ ಹೋದರು. ಹಿಂದಿನಿಂದ ಯಾರೋ ಭಾವನಾದ, ಯಾರೋ ಷಡ್ಡಕನಾದ.

ಆಗ ಒಳಬಾಗಿಲು ತೆರೆಯಿತು. ಆದಿಲಕ್ಷ್ಮಿ ನೀರಿನ ಚೆಂಬು ಹಿಡಿದು ಹೊಸ್ತಿಲಲ್ಲಿ ನಿಂತಳು. ಜಗುಲಿಗೆ ಮುತ್ತಿದ್ದ ನೆಂಟರು ಎರಡು ಹೆಜ್ಜೆ ಹಿಂದೆ ಸರಿದರು. ಅವಳ ಕಣ್ಣು ಕೆಂಪಾಗಿತ್ತು.

"ಬೇಯಿಸಿ ಹಾಕೋದಕ್ಕಲ್ಲ ನಾನು ಬ್ಯಾಡ ಅನ್ನೋದು" ಅಂದಳು, ಪಾಪಯ್ಯನನ್ನೇ ನೋಡಿ. "ಅದಾದ್ರೂ ಸೈಸ್ಕೋಬಹುದಿತ್ತು. ನೀವ್ ನುಡ್ಸಿದ್ರಲ್ಲ, ನಂಗೆ ಈ ಮನೇಲಿ ಎಷ್ಟೋ ಸಂಜೆ ಎದೇಲಿ ಹಂಗೇ ಆಗಿರೋದು. ನನ್ನೋರು ಅನ್ನೋರು ಒಬ್ರೂ ಇಲ್ದೋರ್ಗೆ ಮಾತ್ರ ಗೊತ್ತಾಗೋದು ಅದು. ನಂಗೊಬ್ಬಳಿಗೇ ಅಂದ್ಕೊಂಡಿದ್ದೆ. ನಿಮ್ಗೂ ಗೊತ್ತದೆ ಅಂತ ಅತ್ತುಬಿಟ್ಟೆ."

"ಗೊತ್ತದೆ" ಅಂದ ಪಾಪಯ್ಯ. "ಗೊತ್ತದೆ ಆದಿಲಕ್ಷ್ಮಮ್ಮ."

"ಹೆಂಗೆ ಗೊತ್ತಿರ್ತದೆ?" ಅವಳು ಅಂಗಳದ ತುಂಬ ನಿಂತಿದ್ದ ಅತ್ತೆ, ಚಿಕ್ಕಮ್ಮ, ದೊಡ್ಡಪ್ಪಂದಿರನ್ನು ನೋಡಿದಳು. "ಇಷ್ಟು ಜನ ನೆಂಟ್ರ ಮಧ್ಯೆ ಕೂತ್ಕೊಂಡು ಅನಾಥನಂಗೆ ನುಡಿಸೋಕೆ ಬರ್ತದಲ್ಲ ನಿಮ್ಗೆ. ನೋವು ಇಲ್ದೆನೇ ಇಷ್ಟು ಚೆಂದ ನುಡಿಸೋ ಮನುಷ್ಯ, ನಾಳೆ ನನ್ ಎದುರ್ಗೆ ನಕ್ರೂ ಅತ್ರೂ ನಿಜವೋ ಸುಳ್ಳೋ ನಂಗೆ ಹೆಂಗೆ ಗೊತ್ತಾಗ್ಬೇಕು?"

ಚೆಂಬನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು. ಕದ ಹಾಕಿಕೊಂಡಿತು. ಆ ಅಗುಳಿಯ ಸದ್ದು ಪಾಪಯ್ಯನಿಗೆ ಹೊಸದು.

ವಾಪಸು ಬರುವಾಗ ಬಿಸಿಲು ಇಳಿದಿತ್ತು. ಹತ್ತೊಂಬತ್ತು ಜನರೂ ಅವನ ಸುತ್ತ ನಡೆದರು. ಅವನ ಪರವಾಗಿ ಎಲ್ಲರಿಗೂ ಕೋಪ ಬಂದಿತ್ತು.

"ಕೊಬ್ಬು ಕಣ್ಲಾ ಆ ಹೆಣ್ಣಿಗೆ" ಅಂದ ಚಿಕ್ಕಮುನಿಯಪ್ಪ. "ನಮ್ ಮನೆ ಕೂಸನ್ನ ಹಂಗನ್ನೋದಾ?"

"ಒಬ್ಬಟ್ಟಿಗೆ ಏಲಕ್ಕಿನೇ ಹಾಕಿರ್ಲಿಲ್ಲ" ಅಂದಳು ಅಂಜಮ್ಮ.

ಪಿಳ್ಳಮ್ಮ ಅವನ ಬೆನ್ನು ಸವರಿದಳು. ಹದಿನೈದು ವರ್ಷದಲ್ಲಿ ಅವನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ. "ಹೋಗ್ಲಿ ಬುಡು ಮಗಾ. ನಾವೆಲ್ಲಾ ಇಲ್ವಾ ನಿಂಗೆ? ಇನ್ಮ್ಯಾಕೆ ಒಬ್ನೇ ಅನ್ಕೋಬ್ಯಾಡ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಪಾಪ. ಹಸಿವಾದ್ರೆ ಒಂದ್ ಮಾತು ಹೇಳು, ಯಾರ ಮನೆ ಬಾಗಿಲಾದ್ರೂ ತಟ್ಟು."

"ಹೂಂ, ತಟ್ಟು, ತಟ್ಟು" ಅಂದರು ಎಲ್ಲರೂ.

ಬೀದಿ ಬಂತು. ಹೊಟ್ಟೆ ಭಾರವಾಗಿದ್ದ ಜನಕ್ಕೆ ನಿದ್ದೆ ಎಳೆಯುತ್ತಿತ್ತು. ಪಿಳ್ಳಮ್ಮ ತನ್ನ ಮನೆಗೆ ಹೋದಳು, ಅಂಜಮ್ಮ ತನ್ನ ಮನೆಗೆ. ಉಳಿದವರೂ ಒಬ್ಬೊಬ್ಬರಾಗಿ. ಪಾಪಯ್ಯ ಬೀದಿಯ ನಡುವೆ ನಿಂತು, ಬಾಯಿ ತೆರೆದು, ಹೇಳಿಯೇಬಿಟ್ಟ: "ಪಿಳ್ಳಕ್ಕ, ಹಸಿವಾಯ್ತದೆ."

ಸಂಜೆಯ ಮಬ್ಬಿನಲ್ಲಿ ಬೆನ್ನ ಮೇಲೆ ಅದೇನೋ ಹೊತ್ತುಕೊಂಡು ನಿಂತವನನ್ನು ಕಿಟಕಿಯಿಂದ ಒಂದು ಮಗು ನೋಡಿತು. "ಅವ್ವಾ, ದಾಕಪ್ಪ!" ಎಂದು ಚೀರಿತು.

ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಒಂದಾದ ಮೇಲೊಂದು, ಕದಗಳು ಮುಚ್ಚಿಕೊಂಡವು.